ಸಣ್ಣ ತಯಾರಕರ ಗಿಟಾರ್: ಬಜ್, ಬಿಗಿತ, ಅಪಸ್ವರದ ಮೂಲ ಹುಡುಕುವ ಬಗೆ

ಒಬ್ಬರೋ ಇಬ್ಬರೋ ಕೂತು ಕೈಯಲ್ಲಿ ಮಾಡಿದ ಗಿಟಾರ್ ಮನೆಗೆ ಬಂದಿದೆ. ನೋಡಲು ಚೆಂದ, ಮರವೂ ಒಳ್ಳೆಯದು. ನುಡಿಸಿದರೆ ಎಲ್ಲೋ ಒಂದು ಕಡೆ ಝರ್ ಅನ್ನುತ್ತದೆ, ಇದಕ್ಕೇ ಬಜ್ ಅನ್ನುವುದು. ಅಥವಾ ತಂತಿ ಒತ್ತುವಷ್ಟರಲ್ಲಿ ಬೆರಳು ಉರಿಯುತ್ತದೆ. ಅಥವಾ ಓಪನ್ ತಂತಿಗಳು ಶ್ರುತಿಯಲ್ಲಿದ್ದರೂ ಕಾರ್ಡ್ ಹಿಡಿದಾಗ ಅಪಸ್ವರ ಕೇಳುತ್ತದೆ. ಇದರಲ್ಲಿ ಯಾವುದು ಅರ್ಧ ಗಂಟೆಯಲ್ಲಿ ಸರಿಹೋಗುವ ಕೆಲಸ, ಯಾವುದು ಗಿಟಾರ್ ವಾಪಸ್ ಕೊಡಬೇಕಾದ ದೋಷ ಎಂದು ಬೇರೆ ಮಾಡುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ. ಲೆಕ್ಕವೆಲ್ಲ ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರ್‌ಗೆ, 648 ಮಿ.ಮೀ. ಸ್ಕೇಲ್‌ಗೆ, ಅಂದರೆ ತಂತಿಯ ನುಡಿಯುವ ಭಾಗದ ಲೆಕ್ಕದ ಉದ್ದಕ್ಕೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್‌ನ ಅಳತೆ ಬೇರೆ, ಬೇಕಾದಲ್ಲಿ ಹೇಳುತ್ತೇನೆ.

ಸಣ್ಣ ತಯಾರಕರ ಗಿಟಾರ್ ಸಾಮಾನ್ಯವಾಗಿ ಎಡವುವುದು ಮರದಲ್ಲಲ್ಲ, ಕೊನೆಯ ಹಂತದಲ್ಲಿ. ಫ್ರೆಟ್ (ಬೆರಳಿಡುವ ಕಡೆಯ ಅಡ್ಡ ಲೋಹದ ಪಟ್ಟಿ) ಸಮ ಮಾಡುವುದು, ನಟ್‌ನ (ಕೀಲಿಗಳ ಕಡೆ ತಂತಿ ಕೂರುವ ಪಟ್ಟಿ) ಕಚ್ಚು ಕೊರೆಯುವುದು, ಸ್ಯಾಡಲ್ (ಇನ್ನೊಂದು ತುದಿಯಲ್ಲಿ ತಂತಿ ಹೊರುವ ಪಟ್ಟಿ) ಎತ್ತರ ಹೊಂದಿಸುವುದು. ಕೆಲವು ದೊಡ್ಡ ಕಾರ್ಖಾನೆಗಳಲ್ಲಿ ಪ್ಲೆಕ್ ಎಂಬ ಜರ್ಮನ್ ಯಂತ್ರ ಪ್ರತಿ ಫ್ರೆಟ್ಟನ್ನೂ ಅಳೆದು ತಾನೇ ಉಜ್ಜುತ್ತದೆ. ಸಣ್ಣ ವರ್ಕ್‌ಶಾಪಿನಲ್ಲಿ ಇರುವುದು ಅರ, ಸ್ಕೇಲ್ ಮತ್ತು ಒಬ್ಬರ ತಾಳ್ಮೆ. ಡೆಲಿವರಿ ತಡವಾದಾಗ ಮೊದಲು ಕಡಿತವಾಗುವುದು ಇದೇ ಹಂತದ ಸಮಯ. ಒಳ್ಳೆಯ ಸುದ್ದಿ ಏನೆಂದರೆ ಇದನ್ನೆಲ್ಲ ಆಮೇಲೂ ಸರಿಮಾಡಬಹುದು.

ಸರಿಮಾಡಲು ಆಗದ, ಅಥವಾ ಗಿಟಾರ್ ಬೆಲೆಗಿಂತ ಜಾಸ್ತಿ ಖರ್ಚಾಗುವ ದೋಷಗಳು ಕೆಲವೇ: ನೆಕ್, ಅಂದರೆ ಗಿಟಾರ್‌ನ ಕತ್ತಿನ, ಕೋನ ತಪ್ಪಿರುವುದು, ಫ್ರೆಟ್ ಅಥವಾ ಬ್ರಿಡ್ಜ್ (ದೇಹದ ಮೇಲೆ ಸ್ಯಾಡಲ್ ಹೊತ್ತ ಮರದ ತುಂಡು) ತಪ್ಪು ಜಾಗದಲ್ಲಿ ಕೂತಿರುವುದು, ಸರಿಯಾಗಿ ಒಣಗದ ಮರದಲ್ಲಿ ಕಟ್ಟಿರುವುದು. ನನ್ನ ಅಭಿಪ್ರಾಯದಲ್ಲಿ ಪರೀಕ್ಷೆ ಶುರುವಾಗಬೇಕಾದ್ದು ಇಲ್ಲಿಂದ. ಬಹಳ ಜನ ಉಲ್ಟಾ ಮಾಡುತ್ತಾರೆ. ಬಜ್ ಕೇಳಿದ ತಕ್ಷಣ ಅಲೆನ್ ಕೀ ಹಿಡಿದು ನೆಕ್ ಒಳಗಿನ ಸರಳನ್ನು, ಅಂದರೆ ಟ್ರಸ್ ರಾಡ್, ತಿರುಗಿಸುತ್ತಾರೆ, ಸ್ಯಾಡಲ್ ಉಜ್ಜುತ್ತಾರೆ, ವಾರಗಟ್ಟಲೆ ಒದ್ದಾಡುತ್ತಾರೆ. ಅಷ್ಟರಲ್ಲಿ ವಾಪಸ್ ಕೊಡುವ ಗಡುವು ಮುಗಿದಿರುತ್ತದೆ. ಮೇಲಾಗಿ ಉಜ್ಜಿದ ಸ್ಯಾಡಲ್ ನೋಡಿ ತಯಾರಕರು "ನೀವೇ ಕೈ ಹಾಕಿದ್ದೀರಲ್ಲ" ಅನ್ನುತ್ತಾರೆ. ಅವರು ಹೇಳುವುದೂ ತಪ್ಪಲ್ಲ, ಅಲ್ವಾ?

ಮೊದಲು ಸಿದ್ಧತೆ

ಸಾಮಾನು ಜಾಸ್ತಿ ಏನೂ ಬೇಡ. ಅರ್ಧ ಮಿ.ಮೀ. ಗೆರೆ ಇರುವ ಎರಡು ಸ್ಟೀಲ್ ಸ್ಕೇಲ್, ಒಂದು 60 ಸೆಂ.ಮೀ., ಇನ್ನೊಂದು 15 ಸೆಂ.ಮೀ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಹೊಂದಿಸಲು ಬಳಸುವ ಫೀಲರ್ ಗೇಜ್, ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ, ಬೇರೆ ಊರಿನವರು ಯಾವುದಾದರೂ ಆಟೊ ಸ್ಪೇರ್ಸ್ ಅಂಗಡಿಯಲ್ಲಿ ಕೇಳಿ. ಒಂದು ಕ್ಯಾಪೋ (ಎಲ್ಲ ತಂತಿಯನ್ನೂ ಒಂದೇ ಫ್ರೆಟ್‌ಗೆ ಒತ್ತಿ ಹಿಡಿಯುವ ಕ್ಲಿಪ್), ಮೊಬೈಲ್‌ನಲ್ಲಿ ಟ್ಯೂನರ್ ಆ್ಯಪ್, ಸೌಂಡ್‌ಹೋಲ್ ಒಳಗೆ ಇಳಿಸಲು ಚಿಕ್ಕ ಕನ್ನಡಿ, ಟಾರ್ಚ್. ಗಾಳಿಯ ತೇವ ತೋರಿಸುವ ಡಿಜಿಟಲ್ ಹೈಗ್ರೋಮೀಟರ್ ಕೂಡ ಇರಲಿ. ಇದಕ್ಕೇಕೆ ದುಡ್ಡು ಎಂದು ಅನಿಸಬಹುದು. ಮುಂದೆ ಓದಿದರೆ ಗೊತ್ತಾಗುತ್ತದೆ.

ಕೊರಿಯರ್ ಡಬ್ಬಿ ಬಂದ ಕೂಡಲೇ ತೀರ್ಪು ಕೊಡಬೇಡಿ. ಗಿಟಾರ್ ಒಂದು ದಿನ ನಿಮ್ಮ ಕೋಣೆಯ ಗಾಳಿಗೆ ಹೊಂದಿಕೊಳ್ಳಲಿ. ಹೊಸ ತಂತಿ ಹಾಕಿ, ಲೈಟ್ ಸೆಟ್ ಸಾಕು, ಅಂದರೆ 012ರಿಂದ 053 (ಇಂಚಿನ ಸಾವಿರದ ಲೆಕ್ಕದಲ್ಲಿ ತಂತಿಯ ದಪ್ಪ). ಶ್ರುತಿ ಸ್ಟ್ಯಾಂಡರ್ಡ್‌ನಲ್ಲೇ, ಅಂದರೆ ದಪ್ಪ ತಂತಿಯಿಂದ ಇ, ಎ, ಡಿ, ಜಿ, ಬಿ, ಇ, ಇರಲಿ. ಈ ಸೆಟ್ ಆರೂ ತಂತಿ ಸೇರಿ ಸುಮಾರು 70 ಕಿಲೋಗೂ ಮೇಲೆ ಎಳೆಯುತ್ತದೆ. ಶ್ರುತಿ ಅರ್ಧ ಸ್ವರ ಇಳಿಸಿ ಅಳೆದರೆ ನೆಕ್ ಬೇರೆಯದೇ ಆಕಾರದಲ್ಲಿರುತ್ತದೆ, ಅಳತೆಗೆ ಅರ್ಥವೇ ಇರುವುದಿಲ್ಲ. ಹಳೆಯ ತುಕ್ಕು ತಂತಿಯಲ್ಲಿ ಅಪಸ್ವರ ಪರೀಕ್ಷೆ ಮಾಡುವುದಂತೂ ಸುಮ್ನೆ ಕಾಲಹರಣ.

ನೆಕ್ ಕೋನ

60 ಸೆಂ.ಮೀ. ಸ್ಕೇಲನ್ನು 3 ಮತ್ತು 4ನೇ ತಂತಿಯ ನಡುವೆ (ತೀರಾ ತೆಳುವಾದದ್ದು 1ನೇ ತಂತಿ, ತೀರಾ ದಪ್ಪದ್ದು 6ನೆಯದು), ಫ್ರೆಟ್‌ಗಳ ಮೇಲೆ, ಸ್ಕೇಲ್‌ನ ಅಂಚು ಊರಿ ನಿಲ್ಲಿಸಿ. ಅದರ ತುದಿ ಬ್ರಿಡ್ಜ್ ಕಡೆಗೆ ಚಾಚಿರಲಿ. ತುದಿ ಬ್ರಿಡ್ಜ್‌ನ ಮೇಲ್ಮೈಯನ್ನು ಸವರಿಕೊಂಡು ಹೋದರೆ, ಅಥವಾ ಕೂದಲೆಳೆ ಮೇಲಿದ್ದರೆ, ಕೋನ ಸರಿಯಿದೆ. ಬ್ರಿಡ್ಜ್‌ನ ಮುಖಕ್ಕೆ ಡಿಕ್ಕಿ ಹೊಡೆದು ನಿಂತರೆ ನೆಕ್ ಮುಂದಕ್ಕೆ ಬಾಗಿ ಕೂತಿದೆ ಎಂದರ್ಥ. ನೆಕ್ ಹೆಚ್ಚೂ ಕಡಿಮೆ ನೇರ ಇದ್ದಾಗ ಮಾತ್ರ ಈ ಪರೀಕ್ಷೆಯನ್ನು ನಂಬಬಹುದು. ನೆಕ್ ಜೋರಾಗಿ ಬಾಗಿದ್ದರೆ ಮೊದಲು ಅದನ್ನು ಸರಿಮಾಡಿಸಿ ನೋಡಬೇಕು.

ಇದರ ಜೊತೆಗೆ ಸ್ಯಾಡಲ್ ಬ್ರಿಡ್ಜ್‌ನಿಂದ ಎಷ್ಟು ಮೇಲೆದ್ದಿದೆ ನೋಡಿ. 3 ಮಿ.ಮೀ. ಆಸುಪಾಸು ಇದ್ದರೆ ಆರೋಗ್ಯ. ಒಂದೇ ಮಿ.ಮೀ. ಕಾಣುತ್ತಿದೆ, ಆದರೂ 12ನೇ ಫ್ರೆಟ್‌ನಲ್ಲಿ ತಂತಿ ಮೂರೂವರೆ ಮಿ.ಮೀ. ಎತ್ತರದಲ್ಲಿದೆ ಎಂದರೆ ಹುಷಾರಾಗಿ. ಯಾರೋ ಆಗಲೇ ಸ್ಯಾಡಲ್ ಉಜ್ಜಿ ಉಜ್ಜಿ ಕೋನದ ದೋಷ ಮುಚ್ಚಲು ನೋಡಿದ್ದಾರೆ. ಇನ್ನು ಇಳಿಸಲು ಜಾಗವೇ ಉಳಿದಿಲ್ಲ. ಇದಕ್ಕೆ ಪರಿಹಾರ ನೆಕ್ ಬಿಚ್ಚಿ ಹೊಸ ಕೋನದಲ್ಲಿ ಕೂರಿಸುವುದು. ಬೋಲ್ಟ್ ಹಾಕಿದ ನೆಕ್ ಆದರೆ ಪರವಾಗಿಲ್ಲ, ಅರ್ಧ ದಿನದ ಕೆಲಸ. ಅಂಟು ಹಾಕಿದ ಡವ್‌ಟೇಲ್ ಜೋಡಣೆಯಾದರೆ ಆವಿ ಹಾಯಿಸಿ ಬಿಡಿಸಬೇಕು, ಎಲ್ಲ ರಿಪೇರಿಯವರಿಗೂ ಬರುವ ಕೆಲಸವಲ್ಲ. ಹೊಸ ಗಿಟಾರ್‌ನಲ್ಲಿ ಇದು ಕಂಡರೆ ಮುಂದಿನ ಪರೀಕ್ಷೆಗೆ ಹೋಗುವುದೇ ಬೇಡ, ತಯಾರಕರಿಗೆ ಫೋನ್ ಮಾಡಿ.

ಅದೇ ಹೊತ್ತಿನಲ್ಲಿ ಇನ್ನೊಂದು ನೋಟ. ಹೆಡ್‌ಸ್ಟಾಕ್ (ಟ್ಯೂನಿಂಗ್ ಕೀಲಿಗಳಿರುವ ತಲೆ) ಕಡೆಯಿಂದ ಒಂದು ಕಣ್ಣು ಮುಚ್ಚಿ ಬ್ರಿಡ್ಜ್ ಕಡೆಗೆ ನೋಡಿ. ಫ್ರೆಟ್‌ಗಳು ರೈಲು ಹಳಿಯ ಕೆಳಗಿನ ಪಟ್ಟಿಗಳ ಹಾಗೆ ಒಂದಕ್ಕೊಂದು ಸಮವಾಗಿ ಕಾಣಬೇಕು. ದೂರದ ಫ್ರೆಟ್‌ಗಳು ಒಂದು ಪಕ್ಕಕ್ಕೆ ವಾಲಿದಂತೆ ಕಂಡರೆ ನೆಕ್ ತಿರುಚಿದೆ. ಟ್ರಸ್ ರಾಡ್ ನೆಕ್ಕನ್ನು ಹಿಂದೆ ಮುಂದೆ ಬಾಗಿಸಬಲ್ಲದು ಅಷ್ಟೆ, ತಿರುಚನ್ನು ಬಿಡಿಸಲಾರದು. ಹಾಗೆಯೇ 1ನೇ ತಂತಿ ಮತ್ತು 6ನೇ ತಂತಿ ಫ್ರೆಟ್‌ಬೋರ್ಡ್‌ನ ಅಂಚಿನಿಂದ ಹೆಚ್ಚು ಕಡಿಮೆ ಸಮದೂರದಲ್ಲಿವೆಯಾ ನೋಡಿ. ಒಂದು ತಂತಿ 12ನೇ ಫ್ರೆಟ್‌ನಲ್ಲಿ ಅಂಚಿನಿಂದ ಜಾರಿ ಬೀಳುತ್ತಿದ್ದರೆ ನೆಕ್ ಪಕ್ಕಕ್ಕೆ ತಿರುಗಿ ಕೂತಿದೆ, ಇಲ್ಲವೇ ಬ್ರಿಡ್ಜ್ ಸರಿದು ಕೂತಿದೆ.

ಫ್ರೆಟ್ ಮತ್ತು ಬ್ರಿಡ್ಜ್‌ನ ಜಾಗ

ನಟ್‌ನ ಒಳಅಂಚಿನಿಂದ 12ನೇ ಫ್ರೆಟ್‌ನ ನಡುಮಧ್ಯಕ್ಕೆ ಅಳೆಯಿರಿ. 648ರ ಸ್ಕೇಲ್‌ನಲ್ಲಿ ಇದು 324 ಇರಬೇಕು. ಮೊದಲ ಫ್ರೆಟ್ 36.4, ಐದನೆಯದು 162.5, ಏಳನೆಯದು 215.5. ಕಾಲು ಮಿ.ಮೀ. ಆಚೀಚೆ ಇದ್ದರೆ ಕಿವಿಗೆ ತಿಳಿಯುವುದಿಲ್ಲ. ಒಂದು ಮಿ.ಮೀ. ತಪ್ಪಿದರೆ ಖಂಡಿತ ತಿಳಿಯುತ್ತದೆ.

ಇಲ್ಲಿ ಒಂದು ಸ್ವಾರಸ್ಯ ಇದೆ. ಉಳಿದ ಉದ್ದವನ್ನು 17.817ರಿಂದ ಭಾಗಿಸಿ ಮುಂದಿನ ಫ್ರೆಟ್ ಇಡುವುದು ಇಂದಿನ ಲೆಕ್ಕ. ಹಳೆಯ ಕಾಲದಲ್ಲಿ ಸುಲಭಕ್ಕೆ 18ರಿಂದ ಭಾಗಿಸುತ್ತಿದ್ದರು. 16ನೇ ಶತಮಾನದಲ್ಲಿ ಲ್ಯೂಟ್ ವಾದ್ಯಕ್ಕೆ ಈ ಲೆಕ್ಕವನ್ನು ಎತ್ತಿಹಿಡಿದವರು ವಿನ್ಸೆಂಜೊ ಗೆಲಿಲಿ, ದೂರದರ್ಶಕದ ಗೆಲಿಲಿಯೋ ಇದ್ದಾರಲ್ಲ, ಅವರ ತಂದೆ. 18ರ ಲೆಕ್ಕದಲ್ಲಿ ನಮ್ಮ 12ನೇ ಫ್ರೆಟ್ 324ರ ಬದಲು 321.6ಕ್ಕೆ ಬಂದು ಕೂರುತ್ತದೆ, ಎರಡು ಮಿ.ಮೀ.ಗೂ ಜಾಸ್ತಿ ಕಡಿಮೆ. ನಿಮ್ಮ ಗಿಟಾರ್‌ನಲ್ಲಿ ಆ ಸಂಖ್ಯೆ ಕಂಡರೆ ಕೈ ತಪ್ಪಿದ್ದಲ್ಲ, ಲೆಕ್ಕವೇ ಹಳೆಯದು. ಆಗ ಫ್ರೆಟ್‌ಬೋರ್ಡ್ ಬದಲಿಸುವುದು ಬಿಟ್ಟು ಬೇರೆ ದಾರಿ ಇಲ್ಲ.

ಈಗ 12ನೇ ಫ್ರೆಟ್‌ನಿಂದ ಸ್ಯಾಡಲ್‌ನ ತುದಿಗೆ ಅಳೆಯಿರಿ. ಸರಿಯಾಗಿ 324 ಬರಬಾರದು. ತಂತಿ ಒತ್ತಿದಾಗ ಸ್ವಲ್ಪ ಹಿಗ್ಗಿ ಸ್ವರ ಏರುತ್ತದೆ, ದಪ್ಪ ತಂತಿಯ ಬಿಗುವೂ ಸೇರುತ್ತದೆ. ಅದಕ್ಕೇ ಸ್ಯಾಡಲ್ಲನ್ನು ಓರೆಯಾಗಿ, ಹಿಂದಕ್ಕೆ ಇಡುತ್ತಾರೆ. 1ನೇ ತಂತಿಯಲ್ಲಿ ಸುಮಾರು 326, 6ನೇ ತಂತಿಯಲ್ಲಿ 328ರಿಂದ 329 ಬಂದರೆ ಒಪ್ಪಬಹುದು. ಎರಡೂ ಕಡೆ 324 ಬಂದು ಸ್ಯಾಡಲ್ ನೇರವಾಗಿದ್ದರೆ, ತಯಾರಕರು ಈ ಹೆಚ್ಚುವರಿ ಉದ್ದವನ್ನು ಮರೆತಿದ್ದಾರೆ.

ಮರ ಒಣಗಿದೆಯೇ, ಅಂಟು ಹಿಡಿದಿದೆಯೇ

ಕೊಳ್ಳುವಾಗ ಮರ ಯಾವುದು ಎಂದು ಕೇಳುವವರು ಜಾಸ್ತಿ, ಒಣಗಿಸಿದ್ದು ಹೇಗೆ ಎಂದು ಕೇಳುವವರು ಕಡಿಮೆ. ನಮ್ಮ ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡಿನ ಬೀಟೆ ಮರ ಗಿಟಾರ್ ಲೋಕದಲ್ಲಿ ಬಹಳ ಮೇಲಿನ ಮರ. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ಭಾರತದ ಬೀಟೆಗೆ ಬಂದಾಗಿನಿಂದ ಹಿಂಬದಿಗೆ, ಪಕ್ಕಕ್ಕೆ ಇದೇ ರೂಢಿ. ಆದರೆ ಹಸಿ ಬೀಟೆಗಿಂತ ಒಣಗಿದ ಸಾಧಾರಣ ಮರ ಎಷ್ಟೋ ವಾಸಿ.

ತೇವದ ವಿಷಯದಲ್ಲಿ ದೊಡ್ಡ ಕಾರ್ಖಾನೆಗೂ ಸಣ್ಣ ವರ್ಕ್‌ಶಾಪಿಗೂ ನಿಜವಾದ ಅಂತರ ಇದೆ. ಕಾರ್ಖಾನೆಯಲ್ಲಿ ವರ್ಷವಿಡೀ ಗಾಳಿಯ ತೇವ ಶೇ. 45ರಿಂದ 50ರ ಆಸುಪಾಸಿನಲ್ಲಿ ಇಟ್ಟು ಟಾಪ್, ಅಂದರೆ ಮುಂದಿನ ಹಲಗೆ, ಮತ್ತು ಅದರ ಒಳಗಿನ ಬ್ರೇಸ್ ಪಟ್ಟಿಗಳನ್ನು ಅಂಟಿಸುತ್ತಾರೆ. ಕೋಲ್ಕತ್ತದಲ್ಲೋ ಮಂಗಳೂರಿನಲ್ಲೋ ಮಳೆಗಾಲದಲ್ಲಿ, ಶೇ. 80ರ ತೇವದಲ್ಲಿ, ತೆರೆದ ಶೆಡ್ಡಿನಲ್ಲಿ ಅಂಟಿಸಿದ ಹಲಗೆಯನ್ನು ಯೋಚಿಸಿ. ಅದು ಉಬ್ಬಿದ ಸ್ಥಿತಿಯಲ್ಲೇ ಬಂಧಿಯಾಗಿದೆ. ಏಪ್ರಿಲ್‌ನಲ್ಲಿ ಬಳ್ಳಾರಿಗೋ ಕಲಬುರಗಿಗೋ ಬಂದಾಗ ಹಲಗೆ ಅಡ್ಡಕ್ಕೆ ಕುಗ್ಗಲು ನೋಡುತ್ತದೆ, ಬ್ರೇಸ್‌ಗಳು ಬಿಡುವುದಿಲ್ಲ. ಹಲಗೆ ಒಳಕ್ಕೆ ಕುಸಿಯುತ್ತದೆ, ಇಲ್ಲವೇ ಸೀಳುತ್ತದೆ. ಇದು ಮರದ ಜಾತಿಯ ತಪ್ಪಲ್ಲ, ಅಂಟಿಸಿದ ದಿನದ ಹವೆಯ ತಪ್ಪು.

ನೋಡುವುದು ಹೀಗೆ. ಚಿಕ್ಕ ಸ್ಕೇಲನ್ನು ಬ್ರಿಡ್ಜ್ ಹಿಂದೆ ಟಾಪ್ ಮೇಲೆ ಅಡ್ಡ ಇಡಿ. ಸ್ವಲ್ಪ ಉಬ್ಬು ಇರುವುದು ಸಹಜ, ಎಷ್ಟೋ ಗಿಟಾರ್‌ಗಳನ್ನು ಹಾಗೆಯೇ ಕಟ್ಟುತ್ತಾರೆ. ಬ್ರಿಡ್ಜ್ ಮತ್ತು ಸೌಂಡ್‌ಹೋಲ್ ನಡುವೆ ಗುಂಡಿ ಬಿದ್ದಂತಿದ್ದು ಬ್ರಿಡ್ಜ್ ಮುಂದಕ್ಕೆ ಮುಗ್ಗರಿಸಿದ್ದರೆ ಒಳಗೆ ಬ್ರೇಸ್ ಬಿಟ್ಟಿರುವ ಸಾಧ್ಯತೆ ಜಾಸ್ತಿ. ಬೆರಳ ಗೆಣ್ಣಿನಿಂದ ಟಾಪ್ ಉದ್ದಕ್ಕೂ ಮೆಲ್ಲಗೆ ತಟ್ಟಿ. ಬಿಟ್ಟ ಬ್ರೇಸ್ ಇರುವ ಕಡೆ ದನಿ ಬದಲಾಗಿ ಪಟಪಟ ಅನ್ನುತ್ತದೆ. ಕನ್ನಡಿ, ಟಾರ್ಚ್ ಇಳಿಸಿ ಬ್ರೇಸ್‌ಗಳ ತುದಿ ನೋಡಿ. ಅಂಟು ಹೊರಚೆಲ್ಲಿ ಗಲೀಜಾಗಿದ್ದರೆ ಅದು ಬರೀ ಅಂದಗೇಡು. ಸಂದು ಕಂಡರೆ ದೋಷ.

ಬ್ರಿಡ್ಜ್ ಹಿಂದಿನ ಅಂಚಿಗೆ ತೆಳು ಕಾಗದದ ಚೂರು ತೂರಿಸಿ ನೋಡಿ. ಒಳಗೆ ಹೋದರೆ ಬ್ರಿಡ್ಜ್ ಏಳುತ್ತಿದೆ. ಸಾಮಾನ್ಯ ಕಾರಣ ಬ್ರಿಡ್ಜ್ ಕೆಳಗಿನ ಪಾಲಿಶ್ ಪೂರ್ತಿ ಕೆರೆಯದೆ ಅದರ ಮೇಲೇ ಅಂಟಿಸಿರುವುದು. ಇದನ್ನು ಫರ್ನಿಚರ್ ಮಾಡುವವರ ಹತ್ತಿರ ತೆಗೆದುಕೊಂಡು ಹೋಗಿ ಸಾಧಾರಣ ಬಿಳಿ ಅಂಟು ಹಾಕಿಸಬೇಡಿ. ಸದಾ ಎಳೆತ ಇರುವ ಜಾಗದಲ್ಲಿ ಅದು ನಿಧಾನಕ್ಕೆ ಜರುಗುತ್ತದೆ. ಹಳೇ ಕಾಲದ ಮರವಜ್ರ (ಪ್ರಾಣಿಯ ಚರ್ಮದಿಂದ ಮಾಡುವ ಅಂಟು) ಅಥವಾ ವಾದ್ಯಕ್ಕೆಂದೇ ಬಳಸುವ ಹಳದಿ ಮರದಂಟು ಹಾಕುವವರನ್ನು ಹುಡುಕಿ.

ಇಷ್ಟರಲ್ಲಿ ಏನೂ ಸಿಗದಿದ್ದರೆ ಸಮಾಧಾನ ಪಡಿ. ಉಳಿದದ್ದೆಲ್ಲ ಹೊಂದಿಸುವ ಕೆಲಸ.

ಬಜ್: ಎಲ್ಲಿ ಕೇಳುತ್ತದೆ ಎಂಬುದೇ ಉತ್ತರ

"ಗಿಟಾರ್ ಬಜ್ ಆಗುತ್ತಿದೆ" ಎಂಬ ಮಾತಿನಿಂದ ಯಾವ ರಿಪೇರಿಯವರಿಗೂ ಏನೂ ತಿಳಿಯುವುದಿಲ್ಲ. ಯಾವ ತಂತಿ, ಯಾವ ಫ್ರೆಟ್, ಎಷ್ಟು ಜೋರಾಗಿ ಬಾರಿಸಿದಾಗ. ಆರು ತಂತಿಯನ್ನೂ ಒಂದೊಂದೇ ಫ್ರೆಟ್ ಒತ್ತಿ ನುಡಿಸುತ್ತಾ ಹೋಗಿ, ಝರ್ ಅಂದ ಕಡೆ ಗುರುತು ಹಾಕಿಕೊಳ್ಳಿ. ಗುರುತುಗಳ ನಕ್ಷೆಯೇ ಕಾರಣ ಹೇಳುತ್ತದೆ.

ಓಪನ್ ತಂತಿ ಮಾತ್ರ ಝರ್ ಅಂದು, ಒಂದನೇ ಫ್ರೆಟ್ ಒತ್ತಿದ ಕೂಡಲೇ ಶುದ್ಧವಾದರೆ ಆ ತಂತಿಯ ನಟ್ ಕಚ್ಚು ಆಳವಾಗಿದೆ. ಅಥವಾ ಕಚ್ಚಿನ ತಳ ಹಿಂದಕ್ಕೆ ಇಳಿಜಾರಾಗಿರದೆ ತಂತಿ ಹಿಂದಿನ ಅಂಚಿನ ಮೇಲೆ ಕೂತಿದೆ. ಆಗ ದನಿ ಸಿತಾರ್‌ನಂತೆ ಜುಂಯ್ ಅನ್ನುತ್ತದೆ. ತಯಾರಕರನ್ನು ಹೊಸ ನಟ್ ಕೇಳಿ. ದೊಡ್ಡ ಖರ್ಚಲ್ಲ.

ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಎಲ್ಲ ತಂತಿಯೂ ಬಜ್ ಆಗಿ, ಮೇಲೆ ಹೋದಂತೆ ಸರಿಯಾದರೆ ನೆಕ್ ತೀರಾ ನೇರವಾಗಿದೆ, ಇಲ್ಲವೇ ಹಿಂದಕ್ಕೆ ಬಾಗಿದೆ. ನೆಕ್‌ಗೆ ಒಂದಿಷ್ಟು ಮುಂಬಾಗು ಬೇಕೇಬೇಕು. ಅಳೆಯಲು ಒಂದನೇ ಫ್ರೆಟ್‌ಗೆ ಕ್ಯಾಪೋ ಹಾಕಿ, 6ನೇ ತಂತಿಯನ್ನು ನೆಕ್ ದೇಹಕ್ಕೆ ಸೇರುವ 14ನೇ ಫ್ರೆಟ್‌ನಲ್ಲಿ ಒತ್ತಿ, 6–7ನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವಿನ ಸಂದಿಗೆ ಫೀಲರ್ ಗೇಜ್ ತೂರಿಸಿ. 0.15ರಿಂದ 0.25 ಮಿ.ಮೀ. ಇದ್ದರೆ ಚೆನ್ನ. ಸಂದಿಯೇ ಇಲ್ಲದಿದ್ದರೆ ಟ್ರಸ್ ರಾಡ್ ಸಡಿಲಿಸಬೇಕು, ಅಂದರೆ ಅಪ್ರದಕ್ಷಿಣ. ಅರ್ಧ ಮಿ.ಮೀ. ಇದ್ದರೆ ಬಿಗಿಮಾಡಬೇಕು, ಪ್ರದಕ್ಷಿಣ.

ಟ್ರಸ್ ರಾಡ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ತಂತಿಯ ಎಳೆತಕ್ಕೆ ಎದುರಾಗಿ ನೆಕ್ಕನ್ನು ಹಿಡಿದಿಡುವ ಕಬ್ಬಿಣದ ಸರಳು ಇದು. ಗಿಬ್ಸನ್ ಕಂಪನಿಯ ಥಾಡಿಯಸ್ ಮೆಕ್‌ಹ್ಯೂ ಇದಕ್ಕೆ 1923ರಲ್ಲಿ ಪೇಟೆಂಟ್ ಪಡೆದರು. ನೆಕ್‌ನ ಬಾಗು ಸರಿಮಾಡುವುದೊಂದೇ ಇದರ ಕೆಲಸ. ತಂತಿ ಎತ್ತರ ಇಳಿಸಲು ಇದನ್ನು ತಿರುಗಿಸುವುದು ತಪ್ಪು ಬಾಗಿಲು ತಟ್ಟಿದಂತೆ. ಒಂದು ಸಲಕ್ಕೆ ಕಾಲು ಸುತ್ತು, ಮತ್ತೆ ಶ್ರುತಿ ಮಾಡಿ, ಮತ್ತೆ ಅಳತೆ. ಕೀ ಅಳತೆ ತಯಾರಕರನ್ನೇ ಕೇಳಿ, ಅಂದಾಜಿನ ಕೀ ರಾಡ್‌ನ ತಲೆಯನ್ನು ತಿಂದುಹಾಕುತ್ತದೆ. ಎರಡೂ ಕಡೆ ಕೆಲಸ ಮಾಡುವ ರಾಡ್‌ಗಳಲ್ಲಿ ನಡುವೆ ಒಂದಿಷ್ಟು ಸುತ್ತು ಏನೂ ಆಗುವುದಿಲ್ಲ, ಅದು ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಅರ್ಧ ಸುತ್ತಿಗೂ ಮಿಸುಕದೆ ಗಟ್ಟಿಯಾಗಿ ನಿಂತರೆ ಮಾತ್ರ ಕೈಬಿಡಿ. ರಾಡ್ ಮುರಿದರೆ ಫ್ರೆಟ್‌ಬೋರ್ಡ್ ಕೀಳಬೇಕಾಗುತ್ತದೆ. ಅಗ್ಗದ ಕೆಲವು ಗಿಟಾರ್‌ಗಳಲ್ಲಿ ಹೊಂದಿಸಲಾಗದ ಸರಳು ಮಾತ್ರ ಇರುತ್ತದೆ, ಕೊಳ್ಳುವ ಮುಂಚೆಯೇ ಕೇಳಿ. ಕ್ಲಾಸಿಕಲ್ ಗಿಟಾರ್‌ನಲ್ಲಿ ರಾಡ್ ಇಲ್ಲದಿರುವುದು ಮಾಮೂಲು, ಅದು ದೋಷವಲ್ಲ.

ಒಂದೇ ಒಂದು ಜಾಗದಲ್ಲಿ ಬಜ್ ಆದರೆ ಒತ್ತಿದ ಫ್ರೆಟ್ಟನ್ನಲ್ಲ, ಅದರ ಮುಂದಿನ, ಬ್ರಿಡ್ಜ್ ಕಡೆಗಿನ ಫ್ರೆಟ್ಟನ್ನು ಅನುಮಾನಿಸಿ. ಅದು ಎದ್ದಿದೆ. ಸಣ್ಣ ತಯಾರಕರ ಗಿಟಾರ್‌ನಲ್ಲಿ ತುಂಬ ಸಾಮಾನ್ಯ. ಪತ್ತೆಗೆ ಎಟಿಎಂ ಕಾರ್ಡ್ ಸಾಕು. ಕಾರ್ಡಿನ ಅಂಚು ಒಂದೇ ಸಲಕ್ಕೆ ಮೂರು ಫ್ರೆಟ್ ಮೇಲೆ ಕೂರುವಂತೆ ಇಟ್ಟು ಆಡಿಸಿ. ತೂಗಿದರೆ ನಡುವಿನ ಫ್ರೆಟ್ ಎತ್ತರ. ಮೊದಲ ಆರು ಫ್ರೆಟ್‌ಗಳಿಗೆ ಕಾರ್ಡಿನ ಉದ್ದ ಬದಿ, ಒಂಬತ್ತರಿಂದ ಮೇಲೆ ಗಿಡ್ಡ ಬದಿ ಸರಿಹೋಗುತ್ತದೆ. ನಡುವಿನವಕ್ಕೆ ಸ್ಟೀಲ್ ಸ್ಕೇಲ್‌ನ ತುಂಡು ಕತ್ತರಿಸಿಕೊಳ್ಳಿ. ಬಾಗಿದ ಕಾರ್ಡ್ ಬೇಡ.

ಎತ್ತರದ ಫ್ರೆಟ್ ಸಿಕ್ಕ ಕೂಡಲೇ ಅರ ಹಿಡಿಯಬೇಡಿ. ಹೆಬ್ಬೆರಳಿನಿಂದ ಬಲವಾಗಿ ಒತ್ತಿ ನೋಡಿ. ಕೆಳಗಿಳಿದು ಮತ್ತೆ ಎದ್ದರೆ ಅದು ಸೀಳಿನಲ್ಲಿ ಪೂರ್ತಿ ಕೂತಿಲ್ಲ, ಒಂದು ಹನಿ ಸೂಪರ್‌ಗ್ಲೂ ಬಿಟ್ಟು ಅಂಟು ಹಿಡಿಯುವವರೆಗೆ ಒತ್ತಿ ಹಿಡಿದರೆ ಮುಗಿಯಿತು. ಅದನ್ನು ಅರೆದು ತಗ್ಗಿಸಿದರೆ, ನಾಳೆ ಅದು ಕೆಳಗೆ ಕೂತಾಗ ತಗ್ಗಿನ ಫ್ರೆಟ್ ಆಗುತ್ತದೆ. ಆಗ ಅದನ್ನು ಒತ್ತಿದಾಗ ಬಜ್! ಮಿಸುಕದೇ ಎತ್ತರ ಇದ್ದರೆ ಮಾತ್ರ ಫ್ರೆಟ್ ಲೆವೆಲಿಂಗ್ ಬೇಕು, ಅದನ್ನು ಬಲ್ಲವರೇ ಮಾಡಲಿ.

12ನೇ ಫ್ರೆಟ್ ದಾಟಿದ ಮೇಲಷ್ಟೇ ಬಜ್ ಆದರೆ ನೆಕ್ ದೇಹಕ್ಕೆ ಸೇರುವ ಕಡೆ ಫ್ರೆಟ್‌ಬೋರ್ಡ್ ಉಬ್ಬಿದೆ. ಉದ್ದ ಸ್ಕೇಲ್ ಇಟ್ಟರೆ ಕಾಣುತ್ತದೆ. ಎಲ್ಲ ಕಡೆ ಎಲ್ಲ ತಂತಿಯೂ ಬಜ್ ಆದರೆ ತಂತಿ ತಗ್ಗಿದೆ, ಸ್ಯಾಡಲ್ ಎತ್ತರಿಸಬೇಕು. ಅದಕ್ಕೆ ಮುಂಚೆ ಹೈಗ್ರೋಮೀಟರ್ ನೋಡಿ. ಅದರ ವಿಷಯ ಮುಂದೆ ಬರುತ್ತದೆ.

ಇನ್ನು ಫ್ರೆಟ್‌ಗೆ ಸಂಬಂಧವೇ ಇಲ್ಲದ ಝರ್ ಇದೆ. ಒಂದು ನಿರ್ದಿಷ್ಟ ಸ್ವರ ನುಡಿಸಿದಾಗ, ಅದು ಯಾವ ತಂತಿಯಲ್ಲೇ ಬರಲಿ, ಎಲ್ಲೋ ಏನೋ ಕಂಪಿಸುತ್ತದೆ. ಟ್ಯೂನಿಂಗ್ ಕೀಲಿಯ ಬುಷ್ ಸಡಿಲ, ಸೌಂಡ್‌ಹೋಲ್ ಒಳಗೆ ಪಿಕಪ್‌ನ ವೈರ್ ಹಲಗೆಗೆ ತಾಗುವುದು, ಬ್ಯಾಟರಿ ಡಬ್ಬಿಯ ಮುಚ್ಚಳ, ಬಿಟ್ಟ ಬ್ರೇಸ್. ಸ್ನೇಹಿತರೊಬ್ಬರನ್ನು ಆ ಸ್ವರ ನುಡಿಸಲು ಹೇಳಿ ನೀವು ಒಂದೊಂದೇ ಭಾಗ ಬೆರಳಿನಿಂದ ಒತ್ತಿ ಹಿಡಿಯಿರಿ. ದನಿ ನಿಂತ ಕಡೆ ಕಳ್ಳ ಸಿಕ್ಕಿದ.

ಒತ್ತಲು ಕಷ್ಟ

ಹೊಸಬರು ಎಫ್ ಕಾರ್ಡ್ ಹಿಡಿಯಲಾಗದೆ ಗಿಟಾರ್ ಮೂಲೆಗಿಡುತ್ತಾರೆ. ಅದರಲ್ಲಿ ಅರ್ಧ ಪಾಲು ಬೆರಳಿನ ತಪ್ಪಲ್ಲ, ನಟ್‌ನ ತಪ್ಪು ಎಂದು ನನ್ನ ಗಟ್ಟಿ ಅನಿಸಿಕೆ. ಕಚ್ಚು ಒಂದು ಕೂದಲೆಳೆ ಆಳವಾದರೂ ಹೊಸ ನಟ್ ಮಾಡಬೇಕಲ್ಲ ಎಂದು ತಯಾರಕರು ಎತ್ತರವಾಗಿಯೇ ಬಿಟ್ಟುಬಿಡುತ್ತಾರೆ. ಪರೀಕ್ಷೆ ಸುಲಭ. ತಂತಿಯನ್ನು 2 ಮತ್ತು 3ನೇ ಫ್ರೆಟ್ ನಡುವೆ ಒತ್ತಿ. ಒಂದನೇ ಫ್ರೆಟ್ ಮೇಲೆ ಕಣ್ಣಿಗೆ ಕಂಡೂ ಕಾಣದಷ್ಟು ಸಂದಿ ಇರಬೇಕು, ಬೆರಳಿನಿಂದ ತಟ್ಟಿದರೆ ಟಿಕ್ ಅನ್ನಬೇಕು. ಅರ್ಧ ಮಿ.ಮೀ. ಸಂದಿ ಕಂಡರೆ ಕಚ್ಚು ಇನ್ನೂ ಆಳ ಆಗಬೇಕು. ಇನ್ನೊಂದು ಗುರುತು: ಒಂದನೇ ಫ್ರೆಟ್‌ಗೆ ಕ್ಯಾಪೋ ಹಾಕಿದ ಕೂಡಲೇ ಗಿಟಾರ್ ಬೆಣ್ಣೆಯಂತೆ ನುಡಿಯತೊಡಗಿದರೆ ತಪ್ಪು ನಟ್‌ನದೇ.

ನಟ್ ಸರಿಯಿದ್ದರೆ ನೆಕ್ ಬಾಗು ನೋಡಿ. ಅದೂ ಸರಿಯಿದ್ದರೆ ಮಾತ್ರ ಸ್ಯಾಡಲ್. ಈ ಕ್ರಮ ತಪ್ಪಿಸಬೇಡಿ. 12ನೇ ಫ್ರೆಟ್‌ನಲ್ಲಿ ಫ್ರೆಟ್‌ನ ನೆತ್ತಿಯಿಂದ ತಂತಿಯ ತಳಕ್ಕೆ ಅಳೆದರೆ 6ನೇ ತಂತಿ 2.4 ಮಿ.ಮೀ., 1ನೇ ತಂತಿ 1.8 ಆಸುಪಾಸು ಇರಲಿ. ಕ್ಲಾಸಿಕಲ್‌ನಲ್ಲಿ 4 ಮತ್ತು 3. 12ನೇ ಫ್ರೆಟ್‌ನಲ್ಲಿ ಅರ್ಧ ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಒಂದು ಮಿ.ಮೀ. ಹೋಗಬೇಕು. ಉಜ್ಜುವುದು ತಳದಲ್ಲಿ. ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ, ಸ್ಯಾಡಲ್ ಮೇಲೆ ಪೆನ್ಸಿಲ್ ಗೆರೆ ಎಳೆದು, ನೇರ ಹಿಡಿದು ಉಜ್ಜಿ. ತಳ ಸಮತಟ್ಟು ಇರದಿದ್ದರೆ ಸ್ಯಾಡಲ್ ಕೆಳಗಿನ ಪಿಕಪ್‌ನಲ್ಲಿ ಒಂದು ತಂತಿ ಜೋರಾಗಿ, ಇನ್ನೊಂದು ಸಣ್ಣಗೆ ಕೇಳುತ್ತದೆ. ಹಳೆಯ ಸ್ಯಾಡಲ್ ಎತ್ತಿಟ್ಟು ಹೊಸ ಮೂಳೆಯ ಸ್ಯಾಡಲ್ ಮೇಲೆ ಕೈ ಹಾಕುವುದು ಜಾಣತನ.

ಶ್ರುತಿ ಇದ್ದರೂ ಅಪಸ್ವರ

12ನೇ ಫ್ರೆಟ್ ಮೇಲೆ ಬೆರಳು ಸೋಕಿಸಿ ಹಾರ್ಮೋನಿಕ್ ನುಡಿಸಿ, ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಟ್ಯೂನರ್‌ನಲ್ಲಿ ಎರಡೂ ಒಂದೇ ಬರಬೇಕು. ಒತ್ತಿದ ಸ್ವರ ಏರಿದ್ದರೆ ತಂತಿ ಗಿಡ್ಡ, ಸ್ಯಾಡಲ್‌ನ ನೆತ್ತಿ ಹಿಂದಕ್ಕೆ ಹೋಗಬೇಕು. ಇಳಿದಿದ್ದರೆ ಮುಂದಕ್ಕೆ. ಸ್ಯಾಡಲ್ ಒಂದು ಮಿ.ಮೀ. ತಪ್ಪಿದರೆ ಇಲ್ಲಿ ಎರಡೂವರೆ ಸೆಂಟ್‌ನಷ್ಟು ವ್ಯತ್ಯಾಸ ಬರುತ್ತದೆ (ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಭಾಗ). ಮೂರು ಮಿ.ಮೀ. ಅಗಲದ ಸ್ಯಾಡಲ್‌ನ ನೆತ್ತಿಯನ್ನು ಆಚೀಚೆ ರೂಪಿಸಿ ಒಂದು ಮಿ.ಮೀ. ತಪ್ಪನ್ನು ಮುಚ್ಚಬಹುದು. ಅದಕ್ಕೂ ಮೇಲೆ ಹೋದರೆ ಸ್ಯಾಡಲ್ ಕೂರುವ ಸೀಳಿಗೆ ಮರ ತುಂಬಿ ಹೊಸದಾಗಿ ಕೊರೆಯಬೇಕು.

12ರಲ್ಲಿ ಸರಿಯಾಗಿದ್ದು ಮೊದಲ ಮೂರು ಫ್ರೆಟ್‌ಗಳಲ್ಲಿ ಮಾತ್ರ ಸ್ವರ ಏರಿದರೆ ಸ್ಯಾಡಲ್ ಮುಟ್ಟಬೇಡಿ. ಮತ್ತೆ ಅದೇ ಎತ್ತರದ ನಟ್. ಒಂದೇ ತಂತಿಯಲ್ಲಿ ತಪ್ಪಿದ್ದರೆ ಮೊದಲು ಆ ತಂತಿ ಬದಲಿಸಿ ನೋಡಿ.

ಹವೆ

ಬೆಂಗಳೂರಿನಲ್ಲಿ ಮಾರ್ಚ್, ಏಪ್ರಿಲ್ ಮಧ್ಯಾಹ್ನ ಗಾಳಿ ತುಂಬ ಒಣಗಿರುತ್ತದೆ. ಟಾಪ್ ಕುಗ್ಗಿ ಬ್ರಿಡ್ಜ್ ಇಳಿಯುತ್ತದೆ, ತಂತಿ ತಗ್ಗುತ್ತದೆ, ಬಜ್ ಶುರು. ಫ್ರೆಟ್‌ಬೋರ್ಡ್ ಅಗಲದಲ್ಲಿ ಕುಗ್ಗಿ ಫ್ರೆಟ್ ತುದಿಗಳು ಹೊರಚಾಚಿ ಅಂಗೈಗೆ ಗೀರುತ್ತವೆ. ಜುಲೈನಲ್ಲಿ ಇದಕ್ಕೆ ತದ್ವಿರುದ್ಧ: ಟಾಪ್ ಉಬ್ಬುತ್ತದೆ, ತಂತಿ ಮೇಲೇಳುತ್ತದೆ, ದನಿ ಮಂಕಾಗುತ್ತದೆ. ಹೈಗ್ರೋಮೀಟರ್ ಶೇ. 35ಕ್ಕಿಂತ ಕೆಳಗೆ ತೋರಿಸುತ್ತಿದ್ದಾಗ ಬಜ್ ಆದರೆ ಏನನ್ನೂ ತಿರುಗಿಸಬೇಡಿ. ಗಿಟಾರನ್ನು ಕೇಸಿನಲ್ಲಿಟ್ಟು, ರಂಧ್ರ ಮಾಡಿದ ಸೋಪು ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜು ಇಟ್ಟು, ಶೇ. 45–55ಕ್ಕೆ ತಂದು ಒಂದು ವಾರ ಬಿಡಿ. ಎಷ್ಟೋ ದೋಷ ತಾನೇ ಮಾಯವಾಗುತ್ತದೆ. ಮಡಿಕೇರಿ, ಆಗುಂಬೆ, ಕಾರವಾರದ ಮಳೆಗಾಲದಲ್ಲಿ ಸ್ಪಂಜಿನ ಬದಲು ಸಿಲಿಕಾ ಜೆಲ್. ಎರಡೂ ಕಾಲದ ಅಂತರ ಜಾಸ್ತಿ ಇರುವ ಕಡೆ ಕೆಲವರು ಬೇಸಿಗೆಗೊಂದು ಮಳೆಗಾಲಕ್ಕೊಂದು ಸ್ಯಾಡಲ್ ಇಟ್ಟುಕೊಳ್ಳುತ್ತಾರೆ. ತಿಕ್ಕಲು ಎನಿಸಿದರೂ ಒಳ್ಳೆಯ ಉಪಾಯ.

ಇಲ್ಲಿಂದ ಗಿಟಾರ್ ಮಾಡಿಸಿಕೊಂಡು ಅಮೆರಿಕಕ್ಕೋ ಕೆನಡಾಕ್ಕೋ ಒಯ್ಯುವ ನಮ್ಮವರು ಇದನ್ನು ಎರಡು ಸಲ ಓದಬೇಕು. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ನಮ್ಮ ರಾಯಚೂರಿನ ಬೇಸಿಗೆಯಷ್ಟೇ ಒಣಗಿರುತ್ತದೆ. ತಯಾರಕರಿಗೆ ಆರ್ಡರ್ ಕೊಡುವಾಗಲೇ ಗಿಟಾರ್ ಎಲ್ಲಿರುತ್ತದೆ ಎಂದು ಹೇಳಿ, ಒಣಹವೆಯಲ್ಲಿ ಅಂಟಿಸಿಕೊಡಲು ಕೇಳಿ.

ತಯಾರಕರಿಗೆ ಹೇಳುವುದು

ಸಣ್ಣ ತಯಾರಕರಲ್ಲಿ ಒಂದು ಅನುಕೂಲ ಇದೆ: ಗಿಟಾರ್ ಕಟ್ಟಿದವರೇ ಫೋನ್ ಎತ್ತುತ್ತಾರೆ. "ಸರ್, ಗಿಟಾರ್ ಸರಿ ಇಲ್ಲ" ಎಂದರೆ ಮಾತು ಜಗಳಕ್ಕೆ ತಿರುಗುತ್ತದೆ. ಬದಲಿಗೆ ಹೀಗೆ ಬರೆಯಿರಿ: "012 ಸೆಟ್, ಸ್ಟ್ಯಾಂಡರ್ಡ್ ಶ್ರುತಿ, ಕೋಣೆಯ ತೇವ ಶೇ. 48. ನೆಕ್ ಬಾಗು 0.20. 12ನೇ ಫ್ರೆಟ್‌ನಲ್ಲಿ 6ನೇ ತಂತಿ 3.4, ಸ್ಯಾಡಲ್ ಬ್ರಿಡ್ಜ್‌ನಿಂದ 1.5 ಮಾತ್ರ ಮೇಲಿದೆ. ಸ್ಕೇಲ್ ಬ್ರಿಡ್ಜ್ ಮುಖಕ್ಕೆ ತಾಗುತ್ತಿದೆ, ಫೋಟೊ ಕಳಿಸಿದ್ದೇನೆ. ಏನು ಮಾಡೋಣ?" ಕೆಲಸ ಬಲ್ಲವರಿಗೆ ಇದು ನೆಕ್ ಕೋನ ಎಂದು ಓದಿದ ಕೂಡಲೇ ಗೊತ್ತಾಗುತ್ತದೆ. ವಾದಕ್ಕೆ ಜಾಗವೇ ಇರುವುದಿಲ್ಲ.

ನಟ್, ಸ್ಯಾಡಲ್, ಒಂದೆರಡು ಫ್ರೆಟ್ ಆದರೆ ವಾಪಸ್ ಕಳಿಸುವ ಹಟ ಬೇಡ. ಕೊರಿಯರ್‌ನಲ್ಲಿ ಆಗುವ ಪೆಟ್ಟಿನ ಅಪಾಯವೇ ದೊಡ್ಡದು. ನಿಮ್ಮೂರಿನ ಒಳ್ಳೆಯ ರಿಪೇರಿಯವರಲ್ಲಿ ಸೆಟಪ್ ಮಾಡಿಸಿ, ಆ ಖರ್ಚು ಹಂಚಿಕೊಳ್ಳಲು ತಯಾರಕರನ್ನು ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ. ಕೋನ, ಜಾಗ, ಬಿಟ್ಟ ಬ್ರೇಸ್, ಸೀಳು ಆದರೆ ಯಾವುದಕ್ಕೂ ಕೈ ಹಾಕದೆ ವಾಪಸ್ ಕಳಿಸಿ. ಕಳಿಸುವಾಗ ತಂತಿಗಳನ್ನು ಒಂದೆರಡು ಸ್ವರ ಸಡಿಲಿಸಿ, ಹೆಡ್‌ಸ್ಟಾಕ್ ಕೆಳಗೆ ಮತ್ತು ಅದರ ಎರಡೂ ಪಕ್ಕ ಬಟ್ಟೆ ತುರುಕಿ. ಡಬ್ಬಿ ಮುಚ್ಚುವ ಮುಂಚೆ ಟಾಪ್, ಬ್ರಿಡ್ಜ್, ನೆಕ್ ಸೇರುವ ಜಾಗದ ಫೋಟೊಗಳನ್ನು ತೆಗೆದು ಅವರಿಗೆ ಕಳಿಸಿಬಿಡಿ.